ತುಟಿಗೆ ಬಂದ ಫ್ರೆಂಚ್

ಯುಜೀನ್ ಅಯನೆಸ್ಕೊಗೆ ಇಂಗ್ಲಿಷ್ ಕಲಿಯಬೇಕಿತ್ತು. ರೊಮೇನಿಯಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಈತ ನಲವತ್ತರ ಹೊಸ್ತಿಲಲ್ಲಿ ಆಸಿಮಿಲ್ ಎಂಬ ಸ್ವಬೋಧಿನಿ ಪುಸ್ತಕ ತಂದು, ಅದರ ವಾಕ್ಯಗಳನ್ನು ಶ್ರದ್ಧೆಯಿಂದ ನಕಲು ಮಾಡಿ ಉರುಹೊಡೆಯತೊಡಗಿದ. ವಾರಕ್ಕೆ ಏಳು ದಿನ. ನೆಲ ಕೆಳಗಿದೆ, ಸೂರು ಮೇಲಿದೆ. ಇಂಥ ಪರಮಸತ್ಯಗಳನ್ನು ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಗಂಭೀರವಾಗಿ ತಿಳಿಸುವ ಪುಸ್ತಕ ಅದು. ಅಯನೆಸ್ಕೊಗೆ ಇಂಗ್ಲಿಷ್ ದಕ್ಕಲಿಲ್ಲ, ನಾಟಕ ದಕ್ಕಿತು. 1950ರ ಮೇ 11ರಂದು ಪ್ಯಾರಿಸ್ಸಿನ ನೊಕ್ತಾಂಬ್ಯೂಲ್ ರಂಗಮಂದಿರದಲ್ಲಿ ‘ಲಾ ಕಾಂತಾತ್ರೀಸ್ ಶೋವ್’ ತೆರೆ ಕಂಡಿತು. ಹೆಸರಿನ ಅರ್ಥ ಬೋಳುತಲೆಯ ಗಾಯಕಿ. ಅದು ಕೂಡ ತಾಲೀಮಿನಲ್ಲಿ ಬಾಯಿತಪ್ಪಿ ಬಂದ ಮಾತು. ‘ಹೊಂಗೂದಲ ಶಿಕ್ಷಕಿ’ ಎನ್ನಬೇಕಿದ್ದ ನಟ ತಡವರಿಸಿ ಹಾಗೆಂದ. ನಾಟಕಕಾರ ಅದನ್ನೇ ಎತ್ತಿಕೊಂಡು ಹೆಸರಿಟ್ಟ.

ನಾಟಕ ಆಡಿಸಿ ಫ್ರೆಂಚ್ ಕಲಿಸುವ ಮೇಷ್ಟ್ರುಗಳಿಗೆ ಈ ಕಥೆ ಬಲು ಪ್ರಿಯ. ಪಠ್ಯದ ಒಣ ವಾಕ್ಯಕ್ಕೆ ರಂಗದ ಮೇಲೆ ಜೀವ ಬಂತು ನೋಡಿ ಎನ್ನುತ್ತಾರೆ. ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ. ಅರ್ಥವಿಲ್ಲದೆ ಬಾಯಿಪಾಠವಾದ ಮಾತು ಎಷ್ಟು ಟೊಳ್ಳಾಗಿರುತ್ತದೆ ಎಂದು ಅಣಕಿಸಲಿಕ್ಕೇ ಆ ನಾಟಕ ಹುಟ್ಟಿದ್ದು. ಭಾಷೆ ಬಾರದವರ ಕೈಗೆ ಡೈಲಾಗಿನ ಹಾಳೆ ಕೊಟ್ಟು ಉರುಹೊಡೆಸಿದರೆ ಆಗುವುದೂ ಅದೇ ಅಲ್ಲವೇ?

ಅನುಮಾನಕ್ಕೆ ಮೊದಲು ಲಾಭದ ಲೆಕ್ಕ ನೋಡಬೇಕು. ಅದು ಬಾಯಿಯಿಂದಲೇ ಶುರುವಾಗುತ್ತದೆ. ಫ್ರೆಂಚಿನಲ್ಲಿ ‘ಮೇಲೆ’ ಎಂಬುದಕ್ಕೂ ‘ಕೆಳಗೆ’ ಎಂಬುದಕ್ಕೂ ಇರುವ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ದೆಸು’ ಎಂದೇ ಆಗುತ್ತವೆ. ಕೊನೆಯ ಸ್ವರ ಮಾತ್ರ ಬೇರೆ. ‘ಕೆಳಗೆ’ಗೆ ನಮ್ಮ ‘ಉ’ಕಾರ ಸಾಕು. ‘ಮೇಲೆ’ಗೆ ನಾಲಿಗೆಯನ್ನು ‘ಇ’ ಎನ್ನುವಾಗಿನ ಜಾಗದಲ್ಲೇ ಇಟ್ಟು ತುಟಿಯನ್ನು ‘ಉ’ ಎನ್ನುವಂತೆ ಚೂಪಾಗಿ ಮುಂದೆ ಚಾಚಬೇಕು. ಕನ್ನಡದ ಬಾಯಿಗೆ ಈ ಕಸರತ್ತಿನ ರೂಢಿಯಿಲ್ಲ. ತುಟಿ ಸೋತರೆ ಅಯನೆಸ್ಕೊನ ಸೂರು ಸೀದಾ ನೆಲಕ್ಕಿಳಿಯುತ್ತದೆ.

ಈ ಕಸರತ್ತಿಗೆ ಮೋಲಿಯೇರ್‌ಗಿಂತ ಒಳ್ಳೆಯ ಗರಡಿ ಸಿಗುವುದು ಕಷ್ಟ. 1670ರಲ್ಲಿ ಶಾಂಬೋರ್ ಅರಮನೆಯಲ್ಲಿ ಹದಿನಾಲ್ಕನೆಯ ಲೂಯಿಯ ಮುಂದೆ ಆಡಿದ ‘ಲ ಬೂರ್ಜ್ವಾ ಜಾಂತಿಯೋಂ’ನಲ್ಲಿ, ದೊಡ್ಡ ಮನುಷ್ಯನಾಗಬೇಕೆಂದು ಹೊರಟ ವರ್ತಕ ಜೂರ್ದಾಂಗೆ ತತ್ತ್ವಶಾಸ್ತ್ರದ ಗುರುವೊಬ್ಬ ಸ್ವರಗಳ ಪಾಠ ಹೇಳುತ್ತಾನೆ. ಯಾವ ಸ್ವರಕ್ಕೆ ದವಡೆ ಎಷ್ಟು ತೆರೆಯಬೇಕು, ಯಾವುದಕ್ಕೆ ಬಾಯಿಯ ಕೊನೆ ಕಿವಿಯತ್ತ ಎಳೆಯಬೇಕು, ಯಾವುದಕ್ಕೆ ತುಟಿ ಮುಂದೆ ಬರಬೇಕು ಎಂದು ಒಂದೊಂದಾಗಿ ಬಿಡಿಸಿಡುತ್ತಾನೆ. ಮೋಲಿಯೇರ್ ಪಾಂಡಿತ್ಯದ ಹುಸಿಠೀವಿಯನ್ನು ಗೇಲಿ ಮಾಡಲು ಬರೆದದ್ದು ನಿಜ. ಗೇಲಿಯೊಳಗಿನ ಪಾಠ ಮಾತ್ರ ಬಹುಪಾಲು ಸರಿಯಾಗಿಯೇ ಇದೆ. ತರಗತಿಯಲ್ಲಿ ತುಟಿ ಚಾಚಿ ಎಂದರೆ ಹದಿನೆಂಟರ ಹುಡುಗ ನಾಚಿ ನೀರಾಗುತ್ತಾನೆ. ಜೂರ್ದಾಂನ ವೇಷದಲ್ಲಿ ಅವನೇ ಎಲ್ಲರಿಗಿಂತ ಹೆಚ್ಚು ಚಾಚುತ್ತಾನೆ, ಏಕೆಂದರೆ ಆಗ ನಗೆಪಾಟಲಾಗುವವನು ಜೂರ್ದಾಂ.

ಸಂಬೋಧನೆಯ ವಿಷಯದಲ್ಲಿ ಕನ್ನಡಿಗರಿಗೆ ತುಸು ಮುನ್ನಡೆಯೇ ಇದೆ. ಫ್ರೆಂಚಿನ ‘ತ್ಯು’, ‘ವೂ’ಗಳನ್ನು ಇಂಗ್ಲಿಷ್ ಮಾತ್ರ ಬಲ್ಲವನಿಗೆ ವಿವರಿಸಬೇಕು, ನೀನು–ನೀವು ಆಡಿ ಬೆಳೆದವರಿಗೆ ತೋರಿಸಿದರೆ ಸಾಕು. ರಾಸೀನ್‌ನ ‘ಫೆದ್ರ್’ (1677) ನಾಟಕದಲ್ಲಿ ಮಲತಾಯಿ ಮಲಮಗನ ಮೇಲಿನ ಪ್ರೇಮವನ್ನು ಮುಚ್ಚಿಡಲಾಗದೆ ಹೊರಹಾಕುವ ಗಳಿಗೆಯಲ್ಲಿ ‘ನೀವು’ ಇದ್ದದ್ದು ‘ನೀನು’ ಆಗಿಬಿಡುತ್ತದೆ. ಒಂದು ಸರ್ವನಾಮ ಬದಲಾಗಿ ಆಕೆಯ ಮಾನ ಕಳಚಿಬೀಳುತ್ತದೆ. ಇದು ವ್ಯಾಕರಣದ ಕೋಷ್ಟಕದಲ್ಲಿ ಕಾಣುವಂಥದ್ದಲ್ಲ. ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು ಹೇಳಿದಾಗ ಹೇಳುವವರ ಗಂಟಲಿಗೇ ಗೊತ್ತಾಗುತ್ತದೆ.

ಆದರೆ ಅದೇ ರಾಸೀನ್‌ನ ಕೃತಿಯನ್ನು ಭಾಷೆಗೆ ಹೊಸಬರಾದವರ ಕೈಗೆ ಕೊಡುವುದು ಅವಿವೇಕ. ಸಾಲಿಗೆ ಹನ್ನೆರಡರಂತೆ ಅಕ್ಷರ ಎಣಿಸುವ ಆ ಛಂದಸ್ಸಿನಲ್ಲಿ, ಪ್ಯಾರಿಸ್ಸಿನ ಬೀದಿಯಲ್ಲಿ ನುಂಗಿಹೋಗುವ ಎಷ್ಟೋ ‘ಎ’ಕಾರಗಳನ್ನು ಬಿಡಿಸಿ ಉಚ್ಚರಿಸಬೇಕಾಗುತ್ತದೆ. ಮೂರು ತಿಂಗಳು ಅದರಲ್ಲಿ ಪಳಗಿದವರು ಬೇಕರಿಗೆ ಹೋಗಿ ರೊಟ್ಟಿ ಕೇಳಿದರೆ ಹಳಗನ್ನಡದಲ್ಲಿ ಇಡ್ಲಿ ಆರ್ಡರ್ ಮಾಡಿದ ಹಾಗಿರುತ್ತದೆ.

ಪ್ರಯೋಗದ ದಿನದ ಮೋಹವಂತೂ ಇನ್ನೂ ದೊಡ್ಡ ಅಪಾಯ. ಇದೂ ಹಳೆಯ ಕಾಯಿಲೆಯೇ. ಮದಾಂ ದ ಮ್ಯಾಂತೆನೋನ್ ಬಡ ಕುಲೀನರ ಹೆಣ್ಣುಮಕ್ಕಳಿಗಾಗಿ ಸೇಂ-ಸೀರ್‌ನಲ್ಲಿ ನಡೆಸುತ್ತಿದ್ದ ಶಾಲೆಗೆ ರಾಸೀನ್ 1689ರಲ್ಲಿ ‘ಎಸ್ತೇರ್’ ಬರೆದುಕೊಟ್ಟ. ಹುಡುಗಿಯರ ಮಾತು ಶುದ್ಧವಾಗಲಿ, ನಡೆ ತಿದ್ದಲಿ ಎಂಬುದು ಉದ್ದೇಶ. ರಾಜನೂ ಆಸ್ಥಾನವೂ ನೋಡಲು ಮುಗಿಬಿದ್ದರು. ಪಾಠಕ್ಕೆಂದು ಹುಟ್ಟಿದ ನಾಟಕ ಊರಿಗೆಲ್ಲ ತಮಾಷೆಯಾಯಿತು, ಆಕ್ಷೇಪಗಳೂ ಎದ್ದವು. ಎರಡು ವರ್ಷದ ಮೇಲೆ ಬಂದ ‘ಅತಾಲಿ’ಯನ್ನು ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ ಆಡಿಸಬೇಕಾಯಿತು. ಕಾಲೇಜು ವಾರ್ಷಿಕೋತ್ಸವದ ಫ್ರೆಂಚ್ ನಾಟಕ ಕಂಡವರಿಗೆ ಈ ಕಥೆ ಹೊಸದೆನಿಸದು. ಚೆನ್ನಾಗಿ ಮಾತಾಡಬಲ್ಲವರಿಗೇ ದೊಡ್ಡ ಪಾತ್ರ. ಕಲಿಯಬೇಕಾದವನು ಬಾಗಿಲು ತೆರೆದು ‘ಬಂದರು’ ಎನ್ನುವ ಸೇವಕ. ಕೊನೆಯ ವಾರಗಳೆಲ್ಲ ಲೈಟು, ಬಟ್ಟೆ, ಮೇಕಪ್ಪಿನ ಓಡಾಟದಲ್ಲೇ ಮುಗಿಯುತ್ತವೆ. ಆ ಓಡಾಟದ ಮಾತೆಲ್ಲ ಕನ್ನಡ ಇಲ್ಲವೇ ಇಂಗ್ಲಿಷಿನಲ್ಲಿ!

ಬಗೆಹರಿಸುವ ದಾರಿಗಳೂ ಇವೆ. ಪೋಲೆಂಡಿನಿಂದ ಹೊರಟ ‘ದಿಸ್ ಸ್ಯೂರ್ ದಿಸ್’ ಯೋಜನೆ ಫ್ರೆಂಚ್ ಕಲಿಯುವ ಎಳೆಯರಿಗೆಂದೇ ಇಂದಿನ ನಾಟಕಕಾರರಿಂದ ಕಿರುನಾಟಕ ಬರೆಸುತ್ತದೆ. ಸುಮಾರು ಹತ್ತು ಪುಟ, ಹತ್ತು ಪಾತ್ರ ಎಂಬುದು ಕಟ್ಟಳೆ. ಇಂದಿನ ಆಡುಮಾತು ಸಿಗುತ್ತದೆ, ಮಾತೂ ಹಂಚಿಹೋಗುತ್ತದೆ. ಇನ್ನೊಂದು ದಾರಿ ಸಿದ್ಧ ನಾಟಕವನ್ನೇ ಬಿಟ್ಟುಬಿಡುವುದು. ಫ್ರಾನ್ಸಿಸ್ ದೆಬೀಸೇರ್ 1986ರಲ್ಲಿ ಪ್ರಕಟಿಸಿದ ‘ಲಿಮ್ಯೋಬ್ಲ್’ ಪುಸ್ತಕದಲ್ಲಿ ಇಡೀ ತರಗತಿ ಪ್ಯಾರಿಸ್ಸಿನ ಒಂದು ವಠಾರವಾಗುತ್ತದೆ. ಯಾವ ಮಹಡಿಯಲ್ಲಿ ಯಾರಿದ್ದಾರೆ, ಯಾರಿಗೆ ಯಾರನ್ನು ಕಂಡರಾಗದು, ಎಲ್ಲವನ್ನೂ ವಿದ್ಯಾರ್ಥಿಗಳೇ ಹುಟ್ಟಿಸಿ ಆಡಬೇಕು, ಬರೆಯಬೇಕು. ವಾಕ್ಯ ಕಟ್ಟುವ ಕಷ್ಟ ಇಲ್ಲಿ ತಪ್ಪುವುದಿಲ್ಲ. ತಪ್ಪಬಾರದು ಕೂಡ. ಡೈಲಾಗು ಒಪ್ಪಿಸುವವನಿಗೆ ನೆನಪಿನ ಪರೀಕ್ಷೆ. ಪಕ್ಕದ ಮನೆಯವಳು ನಲ್ಲಿ ನೀರಿನ ಬಗ್ಗೆ ಜಗಳ ತೆಗೆದಾಗ ಉತ್ತರ ಕೊಡಬೇಕಾದವನಿಗೇ ಭಾಷೆಯ ಪರೀಕ್ಷೆ.

ಸಿದ್ಧ ನಾಟಕವೇ ಬೇಕೆಂದರೆ ಬೆಕೆಟ್ ಇದ್ದಾನೆ. ಐರಿಷ್ ಮನುಷ್ಯ, ಕಾಲೇಜಿನಲ್ಲಿ ಓದಿ ಫ್ರೆಂಚ್ ಕಲಿತವನು. 1953ರಲ್ಲಿ ರಂಗಕ್ಕೆ ಬಂದ ‘ಗೋದೋ’ವನ್ನು ಫ್ರೆಂಚಿನಲ್ಲೇ ಬರೆದ. ಚಿಕ್ಕ ವಾಕ್ಯ, ದಿನಬಳಕೆಯ ಪದ, ಮತ್ತೆ ಮತ್ತೆ ಮರಳುವ ಅದೇ ಮಾತು, ನಡುವೆ ಉಸಿರು ತೆಗೆದುಕೊಳ್ಳಲು ಮೌನ. ಕಲಿಯುವವರಿಗೆ ಇದಕ್ಕಿಂತ ಉಪಕಾರಿ ನಾಟಕಕಾರ ಸಿಕ್ಕಾನೆಯೇ? ಅಂಕಕ್ಕಾಗಿ ಫ್ರೆಂಚ್ ಆರಿಸಿಕೊಂಡ ಪಿಯುಸಿ ಹುಡುಗರೂ ಒಂದು ಪುಟ ಆಡಬಲ್ಲರು.

ಒಟ್ಟಿನಲ್ಲಿ ಈ ಪದ್ಧತಿಗೆ ಉಚ್ಚಾರಣೆಯಲ್ಲಿ, ಸಂಕೋಚ ಬಿಡಿಸುವುದರಲ್ಲಿ ಪೂರ್ಣಾಂಕ ಕೊಡಬಹುದು. ವಾಕ್ಯರಚನೆಯಲ್ಲಿ ಅದು ಒಂಟಿಯಾಗಿ ಪಾಸಾಗದು. ತಾಲೀಮನ್ನು ಫ್ರೆಂಚಿನಲ್ಲೇ ನಡೆಸುವ, ಮಾತು ಮರೆತವನಿಗೆ ಹಿಂದಿನಿಂದ ಪಿಸುಗುಟ್ಟದೆ ‘ನಿನ್ನ ಮಾತಲ್ಲೇ ಹೇಳು’ ಎನ್ನುವ ಮೇಷ್ಟ್ರಿದ್ದರೆ ಮಾತ್ರ ಅದರ ಪೂರ್ತಿ ಫಲ. ಅಯನೆಸ್ಕೊ ಕೂಡ ಪಾಠಪುಸ್ತಕಗಳ ಮೇಲಿನ ಮುನಿಸು ಬಿಟ್ಟು, ಅಮೆರಿಕದ ವಿದ್ಯಾರ್ಥಿಗಳಿಗೆಂದು 1969ರಲ್ಲಿ ಬಂದ ‘ಮೀಜ್ ಆಂ ತ್ರ್ಯಾಂ’ ಎಂಬ ಫ್ರೆಂಚ್ ಪಠ್ಯಕ್ಕೆ ಸಂಭಾಷಣೆ ಬರೆದುಕೊಟ್ಟ.

ಪ್ಯಾರಿಸ್ಸಿಗೆ ಹೋಗುವ ಫ್ರೆಂಚ್ ಕಲಿಯುವವರು ಲ್ಯಾಟಿನ್ ಕ್ವಾರ್ಟರಿನ ಪುಟ್ಟ ಹ್ಯುಶೆಟ್ ರಂಗಮಂದಿರ ತಪ್ಪಿಸಬಾರದು. 1957ರಿಂದ ಅಲ್ಲಿ ‘ಬೋಳುತಲೆಯ ಗಾಯಕಿ’ಯ ಜೊತೆಗೆ ಅಯನೆಸ್ಕೊನದೇ ‘ಪಾಠ’ ನಾಟಕವೂ ನಡೆದುಬಂದಿದೆ. ಅದರಲ್ಲಿ ಭಾಷಾಪಾಠದ ಭರದಲ್ಲಿ ಮೇಷ್ಟ್ರು ವಿದ್ಯಾರ್ಥಿನಿಯನ್ನು ಇರಿದು ಕೊಲ್ಲುತ್ತಾನೆ. ಆ ದಿನಕ್ಕೆ ಆಕೆ ನಲವತ್ತನೆಯವಳು. ನಾಟಕ ಮುಗಿಯುವಾಗ ಮುಂದಿನ ವಿದ್ಯಾರ್ಥಿನಿ ಬಂದು ಬಾಗಿಲ ಗಂಟೆ ಒತ್ತುತ್ತಾಳೆ.