ಸವಳು, ಜವಳು ಮತ್ತು ವಾಕ್ಯ: ಬರವಣಿಗೆಯ ಬೋಧನೆಯ ಒಂದು ವಿಮರ್ಶೆ

ಸೃಜನಶೀಲ, ವೈಜ್ಞಾನಿಕ ಹಾಗೂ ಡಿಜಿಟಲ್ ಬರವಣಿಗೆಗಳನ್ನು ವಿಶ್ವವಿದ್ಯಾಲಯದ ತರಗತಿಯಲ್ಲಿ ಮೂರು ಪ್ರತ್ಯೇಕ ಘಟಕಗಳಾಗಿ ಬೋಧಿಸಿದಾಗ, ಅವು ಮೂರು ಬಗೆಯ ಕನ್ನಡವನ್ನು ಬೇಡುತ್ತವೆ ಎಂಬ ಗ್ರಹಿಕೆ ಸದ್ದಿಲ್ಲದೆ ನೆಲೆಗೊಳ್ಳುತ್ತದೆ. ಪ್ರಾದೇಶಿಕ ನುಡಿ ಕತೆಯಲ್ಲಿ ಸೊಗಸು, ವರದಿಯಲ್ಲಿ ದೋಷ; ಡಿಜಿಟಲ್ ಬರವಣಿಗೆಯೆಂದರೆ ಕೇವಲ ಬೆರಳಚ್ಚು. ಈ ವಿಂಗಡಣೆಗೆ ಭಾಷಾವೈಜ್ಞಾನಿಕ ಆಧಾರವಿಲ್ಲವೆಂಬುದು ನಮ್ಮ ವಾದ. ಯಾದಗಿರಿ ಜಿಲ್ಲೆಯ ಬೇಸಾಯದಿಂದಲೇ ಒಂದು ಉದಾಹರಣೆಯನ್ನು ಪರಿಶೀಲಿಸೋಣ.

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರ ಭಾಗಗಳಿಗೆ ನೀರುಣಿಸುತ್ತದೆ. ನೀರಾವರಿಯ ನೆಲ ಕೆಡುವ ಬಗೆಗೆ ರೈತರಲ್ಲಿ ಎರಡು ಪದಗಳಿವೆ: ಉಪ್ಪು ಮೇಲೆದ್ದ ನೆಲ ಸವಳು, ನೀರು ಬಸಿಯದೆ ನಿಂತ ನೆಲ ಜವಳು. ಇದು ಸ್ವತಃ ಒಂದು ವರ್ಗೀಕರಣ. ಈಗ ನಾವೇ ರಚಿಸಿದ ಎರಡು ವಾಕ್ಯಗಳನ್ನು ಹೋಲಿಸೋಣ:

(1) ನೀರಿನ ಅತಿಬಳಕೆಯ ಪರಿಣಾಮವಾಗಿ ಮಣ್ಣಿನ ಲವಣೀಕರಣ ಸಂಭವಿಸುತ್ತದೆ.
(2) ಹೆಚ್ಚಾದ ನೀರು ಇಂಗಿ, ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಉಪ್ಪು ಮೇಲ್ಪದರದಲ್ಲಿ ಉಳಿದು ನೆಲ ಸವಳಾಗುತ್ತದೆ.

ಮೊದಲನೆಯದು ‘ವೈಜ್ಞಾನಿಕ’ವಾಗಿ ಕಾಣುತ್ತದೆ, ಆದರೆ ಕಾರಣದಿಂದ ಪರಿಣಾಮಕ್ಕೆ ಸಾಗುವ ಹಂತಗಳು ನಾಮಪದಗಳ ಒಳಗೆ ಅಡಗಿವೆ. ಎರಡನೆಯದರಲ್ಲಿ ಕೃದಂತಾವ್ಯಯಗಳ ಸರಣಿ ಪ್ರತಿ ಹಂತವನ್ನೂ ಕ್ರಮವಾಗಿ ತೆರೆದಿಡುತ್ತದೆ. ಕತೆ ಹೇಳುವವರು ಘಟನೆಗಳನ್ನು ಪೋಣಿಸುವುದು ಇದೇ ವ್ಯಾಕರಣದಿಂದ. ‘ಲವಣೀಕರಣ’ ಎಂಬ ಪಾರಿಭಾಷಿಕವನ್ನು ನಾವು ನಿರಾಕರಿಸುವುದಿಲ್ಲ. ವಿವರಿಸಿದ ಪ್ರಕ್ರಿಯೆಗೆ ಅದು ಹೆಸರಾಗಬಲ್ಲದು, ವಿವರಣೆಗೆ ಬದಲಿಯಾಗಲಾರದು. ವಿದ್ಯಾರ್ಥಿಯು ‘ಸವಳಾಗ್ತದ’ ಎಂದು ಬರೆದರೆ ಶಿಷ್ಟರೂಪಕ್ಕಾಗಿ ತಿದ್ದಬೇಕಾದುದು ಕ್ರಿಯಾಪದದ ಕೊನೆಯನ್ನು ಮಾತ್ರ, ವಾಕ್ಯದ ಹೆಣಿಗೆಯನ್ನಲ್ಲ. ಎರಡನ್ನೂ ಒಟ್ಟಿಗೆ ಅಳಿಸಿದಾಗ ನುಡಿಯ ಜೊತೆಗೆ ತಿಳಿವಳಿಕೆಯೂ ಅಳಿಯುತ್ತದೆ.

ಈ ಗಡಿ ಕನ್ನಡದಲ್ಲಿ ಹಿಂದೆಯೇ ಸಡಿಲವಾಗಿತ್ತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಕಾದಂಬರಿಕಾರ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದರು.

ಡಿಜಿಟಲ್ ಬರವಣಿಗೆಯ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟುತ್ತದೆ. ‘ಸವಳು’ ಮತ್ತು ‘ಸವುಳು’ ಓದುಗನಿಗೆ ಒಂದೇ ಪದ. ಯೂನಿಕೋಡ್‌ನಲ್ಲಿ ಎರಡು ಭಿನ್ನ ಅಕ್ಷರಸರಣಿಗಳು. ರೂಪಭೇದಗಳನ್ನು ಯಾರಾದರೂ ಜೋಡಿಸಿಡದಿದ್ದರೆ ಒಂದನ್ನು ಹುಡುಕಿದವರಿಗೆ ಇನ್ನೊಂದು ದೊರೆಯದೆ ಹೋಗಬಹುದು. ಯೂನಿಕೋಡೇತರ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳ ಪಠ್ಯವಂತೂ ಪರಿವರ್ತನೆಯಾಗದೆ ಸಾಮಾನ್ಯ ಹುಡುಕಾಟಕ್ಕೆ ಸಿಗದು. ಯಾವ ರೂಪ ಮುಖ್ಯ ನಮೂದು, ಯಾವುದು ಪರ್ಯಾಯ ಎಂದು ನಿರ್ಧರಿಸುವುದು ಬೆರಳಚ್ಚಿನ ಕೌಶಲವಲ್ಲ, ನಿಘಂಟುಶಾಸ್ತ್ರದ ಕೆಲಸ.

ಆದ್ದರಿಂದ ಮೂರು ಘಟಕಗಳಿಗೆ ಮೂರು ವಿಷಯಗಳ ಬದಲು ಒಂದೇ ವಿಷಯವನ್ನು ಕತೆಯಾಗಿ, ವರದಿಯಾಗಿ, ಡಿಜಿಟಲ್ ನಮೂದಾಗಿ ಬರೆಯಿಸುವುದು ಸೂಕ್ತವೆಂದು ನಾವು ಭಾವಿಸುತ್ತೇವೆ. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಯಾವ ಹಂತ ಉಳಿಯಿತು, ಯಾವುದು ಕಳೆಯಿತು ಎಂಬುದೇ ಮೌಲ್ಯಮಾಪನದ ಅಳತೆಗೋಲಾಗಲಿ. ಶಹಾಪುರದ ರೈತನ ಮಗಳು ತನ್ನ ಹೊಲದ ಬಗೆಗೆ ಬರೆಯುವಾಗ ಕತೆಗೆ ಮಾತ್ರವಲ್ಲ, ಜ್ಞಾನಕ್ಕೂ ಅಧಿಕೃತಳು ಎಂಬುದನ್ನು ಪಠ್ಯಕ್ರಮ ಒಪ್ಪಿಕೊಳ್ಳಬೇಕಾಗಿದೆ.