ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಮತ್ತು 35 ಯೂರೋ ಕೂಲರ್

ಕಾಸಿಗೆ ತಕ್ಕ ಕಜ್ಜಾಯ ಅನ್ನೋ ಗಾದೆಯನ್ನು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಜಾಸ್ತಿ ಕೊಟ್ಟರೆ ಒಳ್ಳೇ ಮಾಲು, ಕಡಿಮೆ ಕೊಟ್ಟರೆ ಅಷ್ಟಕ್ಕಷ್ಟೇ ಅಂತ ಅದರ ಅರ್ಥ. ಚಪ್ಪಲಿ, ಕುಕ್ಕರ್, ಬಾಡಿಗೆ ಮನೆ ಇವುಗಳ ಮಟ್ಟಿಗೆ ಗಾದೆ ಬಹುಪಾಲು ನಿಜ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂರಿಸುವ ಏರ್ ಕೂಲರ್ ವಿಷಯದಲ್ಲಿ ಮಾತ್ರ ಕೆಲವು ವರ್ಷಗಳಿಂದ ಅದು ಸುಳ್ಳಾಗಿದೆ. ಆದರೂ ಕೂಲರ್ ವಿಮರ್ಶೆಗಳನ್ನು ಓದಿದರೆ, ಯೂಟ್ಯೂಬಿನಲ್ಲಿ ನೋಡಿದರೆ, ಆ ಗಾದೆಯ ಭಯ ಇನ್ನೂ ಕೆಲಸ ಮಾಡ್ತಾ ಇದೆ ಅನಿಸುತ್ತೆ. ಹಾಗಾಗಿ ಈ ಸಲ ಕೂಲರ್‌ಗಳ ಜೊತೆಗೆ ಅವುಗಳ ವಿಮರ್ಶೆಗಳನ್ನೂ ವಿಮರ್ಶೆ ಮಾಡೋಣ. ನಾನು ಹಗಲೆಲ್ಲಾ ಗ್ರಾಫ್ ಬಿಡಿಸಿ ಹೊಟ್ಟೆ ಹೊರೆಯುವವನು. ಬೇರೆಯವರ ಗ್ರಾಫ್ ಕಂಡರೆ ಕೈ ಸುಮ್ಮನಿರಲ್ಲ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಕೂಲರ್ ಅಂದ ಕೂಡಲೇ ಕಲಬುರಗಿ, ರಾಯಚೂರು ಕಡೆಯವರಿಗೆ ನೆನಪಾಗೋದು ಕಿಟಕಿಗೆ ಕೂರಿಸಿದ, ನೀರು ತುಂಬಿಸುವ ದೊಡ್ಡ ಡಬ್ಬ. ಅದರಲ್ಲಿ ನೀರು ಆವಿಯಾಗಿ ಗಾಳಿಗೆ ಸೇರುತ್ತೆ, ಹಾಗಾಗಿ ಬರುವ ಗಾಳಿ ಹೊರಗಿನ ಗಾಳಿಗಿಂತ ತಣ್ಣಗಿರುತ್ತೆ. ಪ್ರೊಸೆಸರ್ ಕೂಲರಿನಲ್ಲೂ ನೀರು ಆವಿಯಾಗುತ್ತೆ, ಆದರೆ ಮುಚ್ಚಿದ ತಾಮ್ರದ ಕೊಳವೆಯ ಒಳಗೆ. ಬಿಸಿಯಾದ ತುದಿಯಲ್ಲಿ ಸ್ವಲ್ಪವೇ ಸ್ವಲ್ಪ ನೀರು ಆವಿಯಾಗಿ ಮೇಲಕ್ಕೆ ಹೋಗಿ, ಅಲ್ಯೂಮಿನಿಯಂ ರೆಕ್ಕೆಗಳಿರುವ ಕಡೆ ಶಾಖ ಬಿಟ್ಟು ಮತ್ತೆ ನೀರಾಗಿ, ಕೊಳವೆಯ ಒಳಗೋಡೆಯ ಸಣ್ಣ ರಂಧ್ರಗಳ ಮೂಲಕ ಕೆಳಕ್ಕೆ ಬರುತ್ತೆ. ರೆಕ್ಕೆಗಳ ಕೆಲಸ, ಲೋಟದ ಕಾಫಿಯನ್ನು ಅಗಲವಾದ ಬಟ್ಟಲಿಗೆ ಸುರಿದು ಆರಿಸುತ್ತೀವಲ್ಲ, ಅದೇ. ಗಾಳಿಗೆ ತಾಗುವ ಮೈ ದೊಡ್ಡದಾದಷ್ಟೂ ಬೇಗ ಆರುತ್ತೆ. ಫ್ಯಾನ್ ಆ ಬಿಸಿ ಗಾಳಿಯನ್ನು ಆಚೆ ತಳ್ಳುತ್ತೆ.

ಇಲ್ಲಿ ತಣ್ಣಗೆ ಮಾಡೋದು ಅನ್ನೋದೇ ಇಲ್ಲ, ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು ಮಾತ್ರ. ಎಷ್ಟೇ ದುಬಾರಿ ಏರ್ ಕೂಲರ್ ತಂದರೂ ಪ್ರೊಸೆಸರ್ ನಿಮ್ಮ ಕೋಣೆಗಿಂತ ತಣ್ಣಗಾಗಲ್ಲ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಗಾದೆ ಎಲ್ಲಿ ಮುರಿಯಿತು

2011ರಲ್ಲಿ ಬಂದ ಕೂಲರ್ ಮಾಸ್ಟರ್ ಹೈಪರ್ 212 ಇವೊ ವರ್ಷಗಟ್ಟಲೆ ಅಗ್ಗದ ಕೂಲರ್ ಅನ್ನೋ ಮಾತಿಗೆ ಪರ್ಯಾಯ ಪದವೇ ಆಗಿತ್ತು. ಒಂದು ಗೋಪುರ, ನಾಲ್ಕು ಕೊಳವೆ, ಒಂದು 120 ಮಿಮೀ ಫ್ಯಾನ್. ಅದಕ್ಕಿಂತ ಮೇಲಕ್ಕೆ ಹೋಗಬೇಕಂದರೆ ಆಸ್ಟ್ರಿಯಾದ ನಾಕ್ಟುವಾ 2014ರಲ್ಲಿ ತಂದ ಎನ್‌ಎಚ್-ಡಿ15 ಇತ್ತು. ಎರಡು ಗೋಪುರ, ಆರು ಕೊಳವೆ, ಎರಡು 140 ಮಿಮೀ ಫ್ಯಾನ್, ಬೆಲೆ ನೂರು ಯೂರೋ ಆಸುಪಾಸು. ಆಗ ಗಾದೆ ಸರಿಯಾಗೇ ಇತ್ತು. ಮೂರು ಪಟ್ಟು ದುಡ್ಡಿಗೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಿಗುತ್ತಿತ್ತು.

ಆಮೇಲೆ ತೈವಾನಿನ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ತಂದಿತು. ಇದರಲ್ಲೂ ಎರಡು ಗೋಪುರ, ಆರು ಕೊಳವೆ, ಎರಡು 120 ಮಿಮೀ ಫ್ಯಾನ್. ಬೆಲೆ ಮಾತ್ರ ಇಲ್ಲಿ ಜರ್ಮನಿಯಲ್ಲಿ ಸುಮಾರು 35ರಿಂದ 40 ಯೂರೋ, ಅಮೆರಿಕದಲ್ಲಿ ಹೆಚ್ಚುಕಡಿಮೆ 35 ಡಾಲರ್. ಬೇರೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಇದಕ್ಕೂ ಡಿ15ಕ್ಕೂ ಇರುವ ಅಂತರ ಕೆಲವೇ ಡಿಗ್ರಿ. ಇನ್ನೂ ಕೆಳಗಿಳಿದರೆ ಅದೇ ಕಂಪನಿಯ ಅಸಾಸಿನ್ ಎಕ್ಸ್ 120 ಎಸ್‌ಇ ಇದೆ. ಒಂದು ಗೋಪುರ, ನಾಲ್ಕು ಕೊಳವೆ, ಸುಮಾರು 20 ಯೂರೋ. ಆರ್ಕ್ಟಿಕ್ ಕಂಪನಿಯ ಫ್ರೀಜರ್ 36 ಒಂದು ಗೋಪುರ, ಎರಡು ಫ್ಯಾನ್ ಜೊತೆ ಇವೆರಡರ ನಡುವೆ ಬರುತ್ತೆ.

ಇದು ಪವಾಡವೇನಲ್ಲ. ಕೂಲರಿನಲ್ಲಿ ಚಿಪ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ತಾಮ್ರ, ಅಲ್ಯೂಮಿನಿಯಂ, ಒಂದು ಮೋಟಾರು, ನಾಲ್ಕು ಸ್ಕ್ರೂ. ಗೋಪುರದ ವಿನ್ಯಾಸ ಎಲ್ಲರಿಗೂ ಗೊತ್ತಿರೋದೇ. ಹೀಗೆ ಹಳೆಯದಾಗಿ ಪಳಗಿದ ವಸ್ತುವಿನಲ್ಲಿ ಲಾಭದ ಆಸೆ ಕಡಿಮೆ ಮಾಡಿಕೊಂಡ ಒಬ್ಬ ವ್ಯಾಪಾರಿ ಬಂದರೆ ಸಾಕು, ಇಡೀ ಸಂತೆಯ ದರ ಬಿದ್ದುಹೋಗುತ್ತೆ.

ಡಬ್ಬದ ಮೇಲಿನ ವ್ಯಾಟ್

ನನ್ನ ಮೊದಲ ತಕರಾರು ವ್ಯಾಟ್ ಲೆಕ್ಕದ ಬಗ್ಗೆ. ಪ್ರೊಸೆಸರ್ ಮೇಲೆ 65 ವ್ಯಾಟ್ ಅಂತ ಬರೆದಿರುತ್ತೆ, ಕೂಲರ್ ಮೇಲೆ 150 ವ್ಯಾಟ್ ಅಂತ ಇರುತ್ತೆ. ಎರಡನೆಯದು ದೊಡ್ಡದು, ಸರಿ, ಕೊಳ್ಳಿ ಅಂತ ಅನೇಕ ವಿಮರ್ಶೆಗಳು ಮುಗಿಸಿಬಿಡುತ್ತವೆ. ಈ ಎರಡು ಸಂಖ್ಯೆಗಳು ಒಂದೇ ತಕ್ಕಡಿಯವಲ್ಲ.

ಎಎಂಡಿ ಹೇಳುವ ಲೆಕ್ಕ ನೋಡಿ. ಪ್ರೊಸೆಸರ್ ಮುಚ್ಚಳದ ತಾಪಮಾನದಿಂದ ಕೂಲರಿಗೆ ಬರುವ ಗಾಳಿಯ ತಾಪಮಾನ ಕಳೆಯಬೇಕು, ಉಳಿದದ್ದನ್ನು ಕೂಲರಿನ ಉಷ್ಣ ನಿರೋಧದಿಂದ ಭಾಗಿಸಬೇಕು. ಬರುವ ಉತ್ತರವೇ ಆ ವ್ಯಾಟ್. ಅಂದರೆ ಯಾವ ಕೂಲರ್ ಅಂತ ಮೊದಲೇ ಊಹಿಸಿಕೊಂಡು ಬರೆದ ಸಂಖ್ಯೆಯನ್ನು ಹಿಡಿದುಕೊಂಡು ನಾವು ಕೂಲರ್ ಹುಡುಕ್ತಾ ಇದ್ದೀವಿ! ನಿಜವಾಗಿ ಎಳೆಯುವ ವಿದ್ಯುತ್ತು ಬೇರೆ. 65 ವ್ಯಾಟಿನ ರೈಜನ್ 5 7600ಕ್ಕೆ ಸಾಕೆಟ್ ಮಿತಿ 88 ವ್ಯಾಟ್. 65 ವ್ಯಾಟಿನ ಇಂಟೆಲ್ ಐ5-12400 ಗರಿಷ್ಠ 117 ವ್ಯಾಟ್ ತನಕ ಹೋಗಬಹುದು. 125 ವ್ಯಾಟ್ ಅಂತ ಬರೆದುಕೊಂಡ ಐ9-14900ಕೆ 253ಕ್ಕೆ ಏರುತ್ತೆ. ನೀವು ನೋಡಬೇಕಾದ್ದು ಈ ಎರಡನೇ ಸಂಖ್ಯೆ.

ಕೂಲರ್ ಡಬ್ಬದ ಮೇಲಿನ ವ್ಯಾಟಿಗೂ ಎಲ್ಲ ಕಂಪನಿ ಒಪ್ಪಿದ ಒಂದು ಅಳತೆಗೋಲು ಇಲ್ಲ. ಬಿ ಕ್ವೈಟ್ ತನ್ನ ಪ್ಯೂರ್ ರಾಕ್ 2ಕ್ಕೆ 150 ವ್ಯಾಟ್ ಅನ್ನುತ್ತೆ, ನಾಕ್ಟುವಾ ವ್ಯಾಟ್ ಬಿಟ್ಟು ತನ್ನದೇ ಅಂಕಪದ್ಧತಿ ಕೊಡುತ್ತೆ. ಒಂದೇ ಕಂಪನಿಯ ಎರಡು ಮಾದರಿಗಳನ್ನು ಹೋಲಿಸೋಕೆ ಅದು ಉಪಯೋಗ. ಎರಡು ಕಂಪನಿಗಳ ನಡುವೆ ಹೋಲಿಸೋಕೆ ಅಲ್ಲ.

ಗ್ರಾಫ್ ಹೇಳದೆ ಬಿಡೋದು

ಎರಡನೇ ತಕರಾರು ಪಟ್ಟಿಪಟ್ಟಿಯ ಗ್ರಾಫಿನ ಬಗ್ಗೆ. ಇಪ್ಪತ್ತು ಕೂಲರ್, ಮೇಲಿಂದ ಕೆಳಕ್ಕೆ ಸಾಲಾಗಿ, ಪ್ರತಿಯೊಂದಕ್ಕೂ ದಶಮಾಂಶ ಸಮೇತ ಡಿಗ್ರಿ. ಮೂರನೇ ಸ್ಥಾನಕ್ಕೂ ಏಳನೇ ಸ್ಥಾನಕ್ಕೂ ಒಂದೂವರೆ ಡಿಗ್ರಿ ಅಂತರ. ಒಂದೇ ಕೂಲರನ್ನು ಬಿಚ್ಚಿ, ಪೇಸ್ಟ್ ಒರೆಸಿ, ಮತ್ತೆ ಕೂರಿಸಿ ಅಳೆದರೂ ಒಂದೆರಡು ಡಿಗ್ರಿ ಆಚೀಚೆ ಆಗುತ್ತೆ. ಹಾಗಿದ್ದಾಗ ಒಂದೇ ಸಲ ಅಳೆದು ರ‍್ಯಾಂಕ್ ಕೊಡೋದು, ಒಂದೇ ಟೆಸ್ಟಿನ ಅರ್ಧ ಅಂಕಕ್ಕೆ ಮಕ್ಕಳನ್ನು ಮೊದಲನೇ ಬೆಂಚು, ಕೊನೇ ಬೆಂಚು ಅಂತ ಕೂರಿಸಿದ ಹಾಗೆ. ಎಷ್ಟು ಸಲ ಅಳೆದರು, ಏರುಪೇರು ಎಷ್ಟು ಅಂತ ಬರೆಯದ ಗ್ರಾಫಿನಲ್ಲಿ ಎರಡು ಡಿಗ್ರಿಯೊಳಗಿನ ವ್ಯತ್ಯಾಸವನ್ನು ಸಮ ಅಂತಲೇ ಓದಿ.

ಅದಕ್ಕಿಂತ ದೊಡ್ಡ ವಿಷಯ ಯಾವ ಭಾರದಲ್ಲಿ ಅಳೆದರು ಅನ್ನೋದು. ಕೂಲರ್‌ಗಳ ನಡುವೆ ವ್ಯತ್ಯಾಸ ಕಾಣಲಿ ಅಂತ ವಿಮರ್ಶಕರು ಸಹಜವಾಗೇ 200 ವ್ಯಾಟ್, ಅದಕ್ಕೂ ಹೆಚ್ಚು ಉರಿಸುತ್ತಾರೆ. ಪರೀಕ್ಷೆಗೆ ಅದು ಸರಿ, ಕೊಳ್ಳುವವರಿಗೆ ಮಾತ್ರ ಅದರಿಂದ ತಪ್ಪು ಅಂದಾಜು ಹುಟ್ಟುತ್ತೆ. ತಾಪಮಾನದ ಏರಿಕೆ ಸರಿಸುಮಾರು ವ್ಯಾಟಿಗೆ ಅನುಪಾತದಲ್ಲಿರುತ್ತೆ. ಎರಡು ಕೂಲರ್‌ಗಳ ನಡುವೆ ವ್ಯಾಟಿಗೆ 0.05 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳಿ. 200 ವ್ಯಾಟಿನಲ್ಲಿ ಅದು 10 ಡಿಗ್ರಿ, ಗ್ರಾಫಿನಲ್ಲಿ ಭಾರೀ ಸೋಲು. ನಿಮ್ಮ ಪ್ರೊಸೆಸರ್ 80 ವ್ಯಾಟ್ ಎಳೆಯುವಂಥದ್ದಾದರೆ ಅದೇ ವ್ಯತ್ಯಾಸ 4 ಡಿಗ್ರಿ.

ಆ 4 ಡಿಗ್ರಿಯಿಂದ ನಿಮಗೆ ಏನು ಸಿಗುತ್ತೆ? ಹೆಚ್ಚಿನ ಸಲ ಏನೂ ಇಲ್ಲ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದಾಗ ಮಾತ್ರ ವೇಗ ಇಳಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತೆ. ರೈಜನ್ 7000 ಸರಣಿಯ ಬಹುತೇಕ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಆ ಮಿತಿ 95 ಡಿಗ್ರಿ, 7800ಎಕ್ಸ್3ಡಿಗೆ 89. ನಿಮ್ಮದು 72ರಲ್ಲಿದ್ದರೂ 76ರಲ್ಲಿದ್ದರೂ ಆಟದ ವೇಗ, ಕೋಡ್ ಓಡುವ ವೇಗ ಹೆಚ್ಚುಕಡಿಮೆ ಅದೇ. ಮಗುವಿಗೆ ಜ್ವರ ಬಂದ ಹಾಗೆ ಅಂಕಿ ನೋಡಿ ಗಾಬರಿ ಆಗೋದು ಬೇಡ.

ಬದಲಿಗೆ ನಿಮ್ಮ ಕೋಣೆಯ ತಾಪಮಾನ ನೋಡಿಕೊಳ್ಳಿ. 22 ಡಿಗ್ರಿ ಕೋಣೆಯಲ್ಲಿ 70 ತೋರಿಸಿದ ಪ್ರೊಸೆಸರ್, ಜುಲೈನಲ್ಲಿ ಎಸಿ ಇಲ್ಲದ ಜರ್ಮನ್ ಬಾಡಿಗೆ ಮನೆಯ ಮೇಲಟ್ಟದ 30 ಡಿಗ್ರಿಯಲ್ಲಿ ಸುಮಾರು 78 ತೋರಿಸುತ್ತೆ. ಅದೇ ಯಂತ್ರವನ್ನು ಊರಿಗೆ ಒಯ್ದು ರಾಯಚೂರಿನ ಮೇ ತಿಂಗಳಲ್ಲಿ, ಕೋಣೆ 38 ಇರುವಾಗ ಓಡಿಸಿದರೆ 86ರ ಹತ್ತಿರ ಹೋಗುತ್ತೆ. ಅಲ್ಲಿ ಅಪ್ಪ ಅಮ್ಮನಿಗೆ ಅಂತ ಕಂಪ್ಯೂಟರ್ ಜೋಡಿಸಿಕೊಡುವವರು ಈ 16 ಡಿಗ್ರಿಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಒಳ್ಳೆಯ ವಿಮರ್ಶೆ ಅಂದರೆ ಕೋಣೆಗಿಂತ ಎಷ್ಟು ಮೇಲೆ ಅಂತ ಬರೆಯುವಂಥದ್ದು. ಬರೀ 70 ಡಿಗ್ರಿ ಅಂತ ಬರೆದು ಕೋಣೆಯ ಬಿಸಿ ಎಷ್ಟಿತ್ತು ಅಂತ ಹೇಳದಿದ್ದರೆ ಆ ಪುಟ ಮುಚ್ಚಿಬಿಡಿ.

ಮನೆಯಲ್ಲಿ ಮಲಗಿರುವವರ ಲೆಕ್ಕ

ನಮ್ಮಂಥವರಿಗೆ ನಿಜವಾಗಿ ಮುಖ್ಯವಾದದ್ದು ಸದ್ದು. ಎರಡು ಕೋಣೆಯ ಮನೆ, ಮೇಜಿನ ಕೆಳಗೆ ಕಂಪ್ಯೂಟರ್, ಗೋಡೆಯಾಚೆ ಮಗು ಮಲಗಿದೆ. ಆಫೀಸಿನಿಂದ ಬಂದು, ಊಟ ಮುಗಿಸಿ, ರಾತ್ರಿ ಹತ್ತರ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ನಾವು ಓದೋದು, ಆಡೋದು, ಊರಿಗೆ ಕರೆ ಮಾಡೋದು. ಆ ಹೊತ್ತಲ್ಲಿ ಫ್ಯಾನ್ ಗುಂಯ್ ಅಂದರೆ ಕೂಲರ್ ಎಷ್ಟು ಡಿಗ್ರಿ ಗೆದ್ದಿದೆ ಅನ್ನೋದು ಯಾರಿಗೆ ಬೇಕು?

ಫ್ಯಾನ್ ಪೂರ್ತಿ ವೇಗದಲ್ಲಿ ಓಡಿಸಿ ಅಳೆದ ಗ್ರಾಫಿನಲ್ಲಿ ಜೋರಾಗಿ ಕಿರುಚುವ ಕೂಲರೇ ಗೆಲ್ಲುತ್ತೆ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸುತ್ತೆ. ಗ್ರಾಫಿನಲ್ಲಿ ಅದು ಕೆಲವು ಗೆರೆಯ ಅಂತರ ಅಷ್ಟೇ. ಎಲ್ಲ ಕೂಲರ್‌ಗಳನ್ನೂ ಒಂದೇ ಸದ್ದಿನ ಮಟ್ಟಕ್ಕೆ ತಂದು ಆಮೇಲೆ ತಾಪಮಾನ ಅಳೆಯುವ ವಿಮರ್ಶಕರು ಇದ್ದಾರೆ. ಅದು ಹೆಚ್ಚು ಕೆಲಸದ, ಹೆಚ್ಚು ಪ್ರಾಮಾಣಿಕವಾದ ದಾರಿ. ನೀವು ಒಂದೇ ಗ್ರಾಫ್ ನೋಡೋದಾದರೆ ಅದನ್ನೇ ನೋಡಿ.

ದುಬಾರಿ ಕೂಲರಿನ ಪರ ವಾದವೂ ಇಲ್ಲೇ ಹುಟ್ಟುತ್ತೆ. ನಾಕ್ಟುವಾ ಫ್ಯಾನ್‌ಗಳ ಸದ್ದು ಕಿವಿಗೆ ಹಿತ. ಕಂಪನಿ 6 ವರ್ಷ ವಾರಂಟಿ ಕೊಡುತ್ತೆ, ಹೊಸ ಸಾಕೆಟ್ ಬಂದಾಗ ಹಳೆಯ ಗ್ರಾಹಕರಿಗೆ ಕೂರಿಸುವ ಕಿಟ್ ಉಚಿತವಾಗಿ ಕಳಿಸಿದ್ದೂ ಇದೆ. ಒಂದೇ ಕೂಲರನ್ನು ಮೂರು ಕಂಪ್ಯೂಟರ್‌ಗಳ ತನಕ ಬಳಸುವವರಿಗೆ, 253 ವ್ಯಾಟಿನ ಪ್ರೊಸೆಸರನ್ನು ದಿನವಿಡೀ ದುಡಿಸುವವರಿಗೆ ಅದು ದಂಡ ಅನ್ನಲಾರೆ. ಆದರೆ 2024ರಲ್ಲಿ ಬಂದ ಡಿ15 ಜಿ2ರ ಬೆಲೆ 150 ಯೂರೋ ಹತ್ತಿರ. 200 ಯೂರೋ ಪ್ರೊಸೆಸರಿಗೆ 150 ಯೂರೋ ಕೂಲರ್ ಅಂದರೆ ಮೂಗಿಗಿಂತ ಮೂಗುತಿ ಭಾರ. ಆ ನೂರು ಯೂರೋ ವಿದ್ಯಾರ್ಥಿಯ ಕೈಯಲ್ಲಿದ್ದರೆ ಮೆಮೊರಿಗೋ ಎಸ್‌ಎಸ್‌ಡಿಗೋ ಹೋಗಲಿ. ಅಲ್ಲಿ ಅದರ ಫಲ ದಿನಾ ಕಾಣುತ್ತೆ.

ಹಾಗಾದರೆ ಯಾವುದು?

ನನ್ನ ತೀರ್ಪು ಹೀಗಿದೆ. ಪ್ರೊಸೆಸರಿನ ಜೊತೆ ಡಬ್ಬದಲ್ಲೇ ಕೂಲರ್ ಬಂದಿದ್ದರೆ, ರೈಜನ್ 5 7600ಕ್ಕೆ ಬರುವ ಹಾಗೆ, ಮೊದಲು ಅದನ್ನೇ ಹಾಕಿ ಒಂದು ವಾರ ನೋಡಿ. ಸದ್ದು ಸಹಿಸಬಹುದಾದರೆ ಖರ್ಚು ಸೊನ್ನೆ. ಸಹಿಸಲಾಗದಿದ್ದರೆ, ನಿಜವಾದ ಮಿತಿ 120 ವ್ಯಾಟಿನೊಳಗಿದ್ದರೆ ನಾಲ್ಕು ಕೊಳವೆಯ ಒಂಟಿ ಗೋಪುರ ಸಾಕು, 20ರಿಂದ 30 ಯೂರೋ. 120ರಿಂದ 200 ವ್ಯಾಟ್ ತನಕ, ಅಥವಾ ಕೋಣೆ ಬಿಸಿ ಇದ್ದರೆ, ಇಲ್ಲವೇ ಮನೆಯವರ ನಿದ್ದೆ ತೆಳುವಾಗಿದ್ದರೆ, ಪೀರ್‌ಲೆಸ್ ಅಸಾಸಿನ್ ಥರದ ಜೋಡಿ ಗೋಪುರ. ಅದಕ್ಕಿಂತ ಮೇಲಿನ ಪ್ರೊಸೆಸರ್ ತಗೊಳ್ಳುವವರು ಅಗ್ಗದ ಕೂಲರಿನ ಲೇಖನ ಓದಬೇಕಾಗಿಲ್ಲ.

ಕೊಳ್ಳುವ ಮೊದಲು ಟೇಪು ಹಿಡಿಯಿರಿ. ನಿಮ್ಮ ಕೇಸಿನ ವಿವರದಲ್ಲಿ ಕೂಲರಿನ ಗರಿಷ್ಠ ಎತ್ತರ ಬರೆದಿರುತ್ತೆ. ಅಸಾಸಿನ್ ಎಕ್ಸ್ 148 ಮಿಮೀ, ಪೀರ್‌ಲೆಸ್ ಅಸಾಸಿನ್ 155, ಫ್ರೀಜರ್ 36 ಮತ್ತು ಹೈಪರ್ 212 ಇವೊ 159, ಡಿ15 165. ಐದು ಮಿಲಿಮೀಟರ್ ಹೆಚ್ಚಾದರೂ ಬಾಗಿಲು ಮುಚ್ಚಲ್ಲ, ಗ್ರಾಫಿನಲ್ಲಿ ಯಾವ ಸ್ಥಾನದಲ್ಲಿದ್ದರೂ ಅಷ್ಟೇ. ಮುಂದಿನ ಫ್ಯಾನಿಗೆ ಎತ್ತರದ ಮೆಮೊರಿ ಅಡ್ಡ ಬರುತ್ತಾ ಅಂತಲೂ ನೋಡಿ. ಸಾಕೆಟ್ ಹೆಸರನ್ನು ಡಬ್ಬದ ಮೇಲಿನ ಪಟ್ಟಿಯೊಂದಿಗೆ ತಾಳೆ ಹಾಕಿ.

ಕೂರಿಸುವಾಗ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇದ್ದರೆ ಮೊದಲು ಕೀಳಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ ಹೋಗಿ. ಆಮೇಲೆ ಬಯಾಸ್‌ಗೆ ಹೋಗಿ ಫ್ಯಾನಿನ ವೇಗದ ಗೆರೆ ತೆರೆಯಿರಿ. 60 ಡಿಗ್ರಿ ತನಕ ನಿಧಾನಕ್ಕೆ, ಒಂದೇ ವೇಗದಲ್ಲಿ ಓಡಲಿ, ವೇಗ ಬದಲಿಸುವ ಮೊದಲು ಕೆಲವು ಸೆಕೆಂಡು ಕಾಯಲಿ. ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಎದ್ದು ಬಿದ್ದು ಮಾಡೋದು ಇದರಿಂದ ನಿಲ್ಲುತ್ತೆ. ಇದಕ್ಕೆ ಒಂದು ಸೆಂಟೂ ಖರ್ಚಿಲ್ಲ. ನನ್ನ ಪ್ರಕಾರ 20 ಯೂರೋ ಕೂಲರಿಗೂ 40 ಯೂರೋ ಕೂಲರಿಗೂ ಇರುವ ಸದ್ದಿನ ಅಂತರದಲ್ಲಿ ಒಳ್ಳೇ ಪಾಲು ಈ ಒಂದು ಪರದೆಯಲ್ಲೇ ತೀರಿಹೋಗುತ್ತೆ.

ವರ್ಷಕ್ಕೊಮ್ಮೆ ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಡುವ ಮನೆಯಾದರೆ ಇನ್ನೂ ಒಳ್ಳೆಯದು. ಕುಂಕುಮ ಇಡುವ ಮೊದಲು ಕೇಸು ತೆರೆದು, ಫ್ಯಾನನ್ನು ಬೆರಳಲ್ಲಿ ಹಿಡಿದುಕೊಂಡು, ರೆಕ್ಕೆಗಳ ನಡುವಿನ ಧೂಳು ಮೆತ್ತನೆಯ ಬ್ರಶ್‌ನಲ್ಲಿ ತೆಗೆಯಿರಿ. ಮಕ್ಕಳಿದ್ದರೆ ಆ ಕೆಲಸ ಅವರಿಗೇ ಕೊಡಿ.