ಹಿಂದಿನ ಸಾಲಿನ ಮಂದ್ರ

ಅಮೆರಿಕದ ಟೆಲಿವಿಷನ್‌ನಲ್ಲಿ ಡಾನ್ಸ್ ಬ್ಯಾಂಡ್‌ಗಳ ಕಾಲವೆಂದರೆ ಬಹುಪಾಲು ಲಾರೆನ್ಸ್ ವೆಲ್ಕ್ ಅವರ ಕಾಲ. 1955ರಲ್ಲಿ ಎಬಿಸಿ ವಾಹಿನಿಗೆ ಬಂದ ಅವರ ಕಾರ್ಯಕ್ರಮ, 1971ರಲ್ಲಿ ವಾಹಿನಿ ಕೈಬಿಟ್ಟ ಮೇಲೂ ಸ್ಥಳೀಯ ನಿಲಯಗಳ ಮೂಲಕ 1982ರವರೆಗೆ ನಡೆಯಿತು. ಆ ಬ್ಯಾಂಡಿನ ಅಕಾರ್ಡಿಯನ್ ವಾದಕ ಮೈರನ್ ಫ್ಲೋರೆನ್ ಬಗ್ಗೆ, ಕ್ಲಾರಿನೆಟ್ಟಿನ ಪೀಟ್ ಫೌಂಟನ್ ಬಗ್ಗೆ ಬರೆದವರುಂಟು. ಟ್ಯೂಬಾ ಊದಿದ ಬಡ್ಡಿ ಹೇಯ್ಸ್ ಮತ್ತು 1967ರಲ್ಲಿ ಸೇರಿದ ರಿಚರ್ಡ್ ಮಲೂಫ್ ಅವರ ವಾದನವನ್ನು ಕಿವಿಗೊಟ್ಟು ಕೇಳಿ ಬರೆದವರು ವಿರಳ. ಇವರಿಗೆ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಅವರನ್ನು ಸಾಕಿದ ಪರಂಪರೆಯ ಪಾಲೂ ಇದೆ.

ಟೆಲಿವಿಷನ್ ಬರುವ ಹೊತ್ತಿಗಾಗಲೇ ಡಾನ್ಸ್ ಬ್ಯಾಂಡಿನಲ್ಲಿ ಟ್ಯೂಬಾ ಹಳೆಯದಾಗಿತ್ತು. 1835ರಲ್ಲಿ ಬರ್ಲಿನ್‌ನಲ್ಲಿ ಪೇಟೆಂಟ್ ಪಡೆದು, ಸೈನ್ಯದ ಬ್ಯಾಂಡುಗಳಲ್ಲಿ ಬೆಳೆದ ವಾದ್ಯ ಅದು. ಕೊಂಬಿನ ಮುಂದೆ ನಿಂತು ಧ್ವನಿಮುದ್ರಿಸುತ್ತಿದ್ದ ದಿನಗಳಲ್ಲಿ ತಂತಿಯ ಬೇಸ್ ಸರಿಯಾಗಿ ದಾಖಲಾಗುತ್ತಿರಲಿಲ್ಲ, ಟ್ಯೂಬಾ ದಾಖಲಾಗುತ್ತಿತ್ತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂತು. ಮುಂದಿನ ಹತ್ತು ವರ್ಷಗಳೊಳಗೆ ವಾಲ್ಟರ್ ಪೇಜ್, ಜಾನ್ ಕರ್ಬಿಯಂಥವರು ಟ್ಯೂಬಾ ಬದಿಗಿಟ್ಟು ಬೇಸ್ ಹಿಡಿದರು, ನಾಲ್ಕೂ ಪೆಟ್ಟುಗಳಲ್ಲಿ ನಡೆಯುವ ಸ್ವಿಂಗ್ ಬೆಳೆಯಿತು. ಹೇಯ್ಸ್ ಮತ್ತು ಮಲೂಫ್ ಕೂಡ ಬೇಸ್ ನುಡಿಸುವವರೇ. ಪೋಲ್ಕಾಗೋ ಡಿಕ್ಸಿಲ್ಯಾಂಡ್‌ಗೋ ಸರದಿ ಬಂದಾಗ ಮಾತ್ರ ಟ್ಯೂಬಾ ಕೈಗೆ ಬರುತ್ತಿತ್ತು.

ಎರಡು ಪೆಟ್ಟಿನ ಆ ನಡೆಯಲ್ಲಿ ಟ್ಯೂಬಾಗೆ ಸಿಗುವುದು ಒಂದನೆಯ ಮತ್ತು ಮೂರನೆಯ ಪೆಟ್ಟು. ಹೆಚ್ಚಾಗಿ ಆಧಾರಸ್ವರ, ಆಮೇಲೆ ಪಂಚಮ. ಕಾಗದದ ಮೇಲೆ ಮಗುವೂ ಬರೆಯಬಹುದಾದ ಸಾಲು. ನುಡಿಸುವುದು ಬೇರೆ ಮಾತು. ಬಿ ಫ್ಲಾಟ್ ಟ್ಯೂಬಾದ ಕೊಳವೆಯನ್ನು ಬಿಡಿಸಿ ಹಾಸಿದರೆ ಸುಮಾರು ಐದೂವರೆ ಮೀಟರ್. ತುಟಿಯಿಂದ ಹೊರಟ ಕಂಪನ ಅದರ ತುದಿ ಮುಟ್ಟಿ ಮರಳಲು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗವಾದರೂ ಬೇಕು, ಆಮೇಲಷ್ಟೇ ಸ್ವರ ನೆಲೆಗೊಳ್ಳುತ್ತದೆ. ಡ್ರಮ್ಮಿನ ಜೊತೆ ಕೂಡಬೇಕಾದರೆ ವಾದಕ ಪೆಟ್ಟಿಗೆ ಮೊದಲೇ ನಾಲಿಗೆ ಆಡಿಸಿರಬೇಕು. ಅದಕ್ಕಿಂತ ಕಷ್ಟದ್ದು ಸ್ವರವನ್ನು ನಿಲ್ಲಿಸುವುದು. ಒಂದಿಷ್ಟು ಹೆಚ್ಚು ಹೊತ್ತು ಹಿಡಿದರೆ ಎರಡನೆಯ ಪೆಟ್ಟು ಕೆಸರಾಗುತ್ತದೆ, ಕುಣಿಯುವವರ ಹೆಜ್ಜೆ ಭಾರವಾಗುತ್ತದೆ. ಬೇಗ ಕತ್ತರಿಸಿದರೆ ನಡೆ ಒಣಗುತ್ತದೆ. ಉಸಿರನ್ನೂ ಆ ಸಂದಿಯಲ್ಲೇ ತೆಗೆದುಕೊಳ್ಳಬೇಕು. ವೆಲ್ಕ್ ಬ್ಯಾಂಡಿನ ಒಳ್ಳೆಯ ಪೋಲ್ಕಾಗಳನ್ನು ಕೇಳಿ: ಫ್ಲೋರೆನ್ ಅವರ ಬೆರಳುಗಳು ಹಗುರವಾಗಿ ಹಾರುವುದಕ್ಕೆ ಕೆಳಗೆ ಯಾರೋ ಪ್ರತಿ ಸ್ವರವನ್ನೂ ಸಮಯಕ್ಕೆ ಸರಿಯಾಗಿ ಮುಗಿಸುತ್ತಿರುವುದು ಕಾರಣ. ತಾಳದಲ್ಲಿ ಬಿಟ್ಟ ಜಾಗದ ಬೆಲೆ ಬಲ್ಲ ನಮ್ಮ ಕೇಳುಗರಿಗೆ ಇದು ಬೇಗ ಹಿಡಿಸಬೇಕು.

ಆ ಕಾಲದ ಟಿವಿಗಳ ಸ್ಪೀಕರ್ ಪುಟ್ಟದು. ಮಂದ್ರದ ಮೂಲಕಂಪನ ಅದರಿಂದ ಹೊರಡುತ್ತಲೇ ಇರಲಿಲ್ಲವೆನ್ನಬೇಕು. ಆದರೆ ಮೂಲಕಂಪನ ಇಲ್ಲದಿದ್ದರೂ ಅದರ ಮೇಲಿನ ಅನುಸ್ವರಗಳಿಂದಲೇ ಕಿವಿ ಕೆಳಗಿನ ಸ್ವರವನ್ನು ಊಹಿಸಿಕೊಳ್ಳಬಲ್ಲದು. ಬೆರಳಿನಿಂದ ಮೀಟಿದ ತಂತಿಯ ನಾದ ಕೂಡಲೇ ಇಳಿಯುತ್ತದೆ. ಊದಿದ ಹಿತ್ತಾಳೆಯ ನಾದ ಬೇಕಾದಷ್ಟು ಹೊತ್ತು ಅನುಸ್ವರಗಳನ್ನು ತುಂಬಿ ಕೊಡುತ್ತದೆ. ಹಾಗಾಗಿ, ಗತಕಾಲದ ನೆನಪಿಗೆಂದು ತಂದ ಟ್ಯೂಬಾ ಆ ಪೆಟ್ಟಿಗೆಗೆ ನಿಜವಾಗಿಯೂ ಹೊಂದುವ ವಾದ್ಯವಾಗಿತ್ತು. ಈ ಅನುಕೂಲವನ್ನು ವೆಲ್ಕ್ ಬ್ಯಾಂಡು ಅರ್ಧದಷ್ಟೂ ಬಳಸಿಕೊಳ್ಳಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ವೆಲ್ಕ್ ಅವರ ಶಿಸ್ತು ವಾದಕರ ಕೈ ಕೆಡದಂತೆ ಕಾಪಾಡಿತು. ಆದರೆ ಟ್ಯೂಬಾ ಅವರಿಗೆ ಒಂದು ವೇಷದ ಭಾಗವಾಗಿತ್ತು. ಹಳೆಯ ಕಾಲ, ಹಬ್ಬದ ಬೀದಿ, ಹುಡುಗಾಟ, ಇಷ್ಟನ್ನು ಸೂಚಿಸಲು ಹೊಳೆಯುವ ಆ ದೊಡ್ಡ ಬಾಯಿ ಕ್ಯಾಮೆರಾಗೆ ಬೇಕಿತ್ತು. ಗೈ ಲೊಂಬಾರ್ಡೊ ಅವರ ರಾಯಲ್ ಕೆನೇಡಿಯನ್ಸ್ ಇದಕ್ಕಿಂತ ಪ್ರಾಮಾಣಿಕವೆಂದು ನನಗನಿಸುತ್ತದೆ. ಅವರ ಸಂಗೀತ ಸಿಹಿ ಹೆಚ್ಚಾದದ್ದು, ನಿಜ. ಆದರೂ ಬೇರೆಯವರೆಲ್ಲ ತಂತಿಗೆ ತಿರುಗಿದ ಮೇಲೆಯೂ ದಶಕಗಳ ಕಾಲ ಟ್ಯೂಬಾವನ್ನು ಅವರು ಉಳಿಸಿಕೊಂಡದ್ದು ತಮಾಷೆಗಲ್ಲ. ಬ್ಯಾಂಡಿನ ಮೈಯೇ ಅದರ ಮೇಲೆ ನಿಂತಿತ್ತು.

ವಾದ್ಯಕ್ಕೆ ಇನ್ನೇನು ಸಾಧ್ಯವಿತ್ತು ಎಂಬುದು ಆಗಲೇ ಗೊತ್ತಿದ್ದ ವಿಷಯ. 1949–50ರಲ್ಲಿ ಮೈಲ್ಸ್ ಡೇವಿಸ್ ಅವರ ಒಂಬತ್ತು ಜನರ ತಂಡದಲ್ಲಿ ಬಿಲ್ ಬಾರ್ಬರ್ ಟ್ಯೂಬಾವನ್ನು ಹೊಸ ಜಾಜ್‌ನ ಹೆಣಿಗೆಯೊಳಕ್ಕೆ ತಂದಿದ್ದರು. ಲಾಸ್ ಏಂಜಲೀಸ್‌ನಲ್ಲಿ, ವೆಲ್ಕ್ ಅವರ ನೆರೆಯಲ್ಲೇ, ರೆಡ್ ಕ್ಯಾಲೆಂಡರ್ ಬೇಸ್ ಮತ್ತು ಟ್ಯೂಬಾ ಎರಡನ್ನೂ ನುಡಿಸುತ್ತಿದ್ದರು. ಐವತ್ತರ ದಶಕದಲ್ಲೇ ಟ್ಯೂಬಾವನ್ನು ಮುಂದಿಟ್ಟು ಒಂದು ಆಲ್ಬಂ ಮಾಡಿದರು. ಹೇಯ್ಸ್, ಮಲೂಫ್ ಅವರಿಗೆ ಆಗಾಗ ಒಂದು ನಿಧಾನದ ರಾಗವನ್ನಾದರೂ ಪೂರ್ತಿ ಒಪ್ಪಿಸಿದ್ದರೆ ನಷ್ಟವಾಗುತ್ತಿದ್ದದ್ದೇನು?

ನೋಡುಗರಿಗೆ ಇಷ್ಟವಾಗುತ್ತಿರಲಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ವೆಲ್ಕ್ ಕಾರ್ಯಕ್ರಮ ಇನ್ನೂ ನಡೆಯುತ್ತಿದ್ದ 1974ರ ಡಿಸೆಂಬರ್‌ನಲ್ಲಿ, ತಮ್ಮ ಗುರು ವಿಲಿಯಂ ಬೆಲ್ ಅವರ ಗೌರವಕ್ಕೆಂದು ಟ್ಯೂಬಾ ವಾದಕ ಹಾರ್ವಿ ಫಿಲಿಪ್ಸ್ ನ್ಯೂಯಾರ್ಕಿನ ರಾಕೆಫೆಲ್ಲರ್ ಸೆಂಟರ್‌ನಲ್ಲಿ ಟ್ಯೂಬಾ ಮತ್ತು ಅದರ ಬಳಗದ ಮಂದ್ರವಾದ್ಯಗಳ ಸುಮಾರು ಮುನ್ನೂರು ವಾದಕರನ್ನು ಕೂಡಿಸಿದರು. ಎಲ್ಲರಿಗೂ ಪರಿಚಿತವಾದ ಕ್ರಿಸ್‌ಮಸ್ ಹಾಡುಗಳ ರಾಗವನ್ನು ಆ ವಾದ್ಯಗಳೇ ಹೊತ್ತವು. ಅಂದು ಶುರುವಾದ ಆ ಕೂಟ ಊರೂರಿಗೆ ಹಬ್ಬಿ ಇಂದಿಗೂ ಪ್ರತಿ ವರ್ಷ ನಡೆಯುತ್ತಿದೆ.